ಕಿಯೋ ವದಾತಿ

ಭೂಮಿಗೆ ಅಚಲೆ ಎಂಬ ಹೆಸರುಂಟು. ಆದರೆ ಜಪಾನಿನ ಜನರ ಪಾಲಿಗೆ ಅವಳು ಎಂದೂ ಅಚಲೆಯಾಗಿರಲಿಲ್ಲ. ಅಡಿಗಡಿಗೆ ನಡುಗುವ ಆ ನೆಲದ ಒಡಲನ್ನು ಅರಿಯಲು ಶ್ರಮಿಸಿದ ಮಹನೀಯರಲ್ಲಿ ಕಿಯೋ ವದಾತಿ ಅಗ್ರಗಣ್ಯರು.

ವದಾತಿ 1902ರಲ್ಲಿ ನಗೋಯಾ ನಗರದಲ್ಲಿ ಜನಿಸಿದರು. ಅವರಿಗೆ ಇಪ್ಪತ್ತೊಂದು ವರ್ಷ ತುಂಬಲು ಒಂದು ವಾರವಿರುವಾಗ, 1923ರ ಸೆಪ್ಟೆಂಬರ್ 1ರಂದು, ಕಾಂಟೋ ಭೂಕಂಪವು ಟೋಕಿಯೋ ಮತ್ತು ಯೊಕೊಹಾಮ ನಗರಗಳನ್ನು ಧ್ವಂಸಮಾಡಿತು. ಲಕ್ಷಕ್ಕೂ ಹೆಚ್ಚು ಜನ ಮಡಿದರು. 1925ರಲ್ಲಿ ಪದವಿ ಪಡೆದ ವದಾತಿ ಟೋಕಿಯೋದ ಕೇಂದ್ರ ಹವಾಮಾನ ವೀಕ್ಷಣಾಲಯವನ್ನು ಸೇರಿದರು.

ಅಂದು ವಿದ್ವಾಂಸರನ್ನು ಒಂದು ಒಗಟು ಕಾಡುತ್ತಿತ್ತು. ಜಪಾನ್ ಸಮುದ್ರದ ಕಡೆ ಹುಟ್ಟಿದ ಕೆಲವು ಕಂಪನಗಳು ಹತ್ತಿರದ ಪಶ್ಚಿಮ ತೀರದಲ್ಲಿ ಕ್ಷೀಣವಾಗಿದ್ದು, ದೂರದ ಪೆಸಿಫಿಕ್ ತೀರದಲ್ಲಿ ಪ್ರಬಲವಾಗಿರುತ್ತಿದ್ದವು. ಭೂಕಂಪಗಳು ನೆಲದ ಮೇಲುಪದರದಲ್ಲಿಯೇ ಹುಟ್ಟುತ್ತವೆಂಬುದು ಆಗಿನ ಸಾಮಾನ್ಯ ನಂಬಿಕೆ. ಅವು ಆಳದಲ್ಲಿಯೂ ಹುಟ್ಟಬಹುದೆಂದು ಇಂಗ್ಲೆಂಡಿನ ಟರ್ನರ್ 1922ರಲ್ಲಿ ಸೂಚಿಸಿದ್ದರೂ ಹಲವರು ಅದನ್ನು ಒಪ್ಪಿರಲಿಲ್ಲ.

ಭೂಕಂಪದಿಂದ ವೇಗದ ಅಲೆಯೊಂದು, ನಿಧಾನದ ಅಲೆಯೊಂದು ಹೊರಡುತ್ತವೆ. ಮಿಂಚು ಗುಡುಗುಗಳ ನಡುವಣ ಅಂತರದಂತೆ, ದೂರ ಹೆಚ್ಚಿದಷ್ಟೂ ಇವುಗಳ ನಡುವಣ ಕಾಲವೂ ಹೆಚ್ಚುತ್ತದೆ. ವದಾತಿಯವರು ಅನೇಕ ಕೇಂದ್ರಗಳ ದಾಖಲೆಗಳನ್ನು ತಾಳ್ಮೆಯಿಂದ ಹೋಲಿಸಿದರು. ಕೆಲವು ಭೂಕಂಪಗಳಲ್ಲಿ, ಅಲೆ ಎಲ್ಲಕ್ಕಿಂತ ಮೊದಲು ಮುಟ್ಟಿದ ಸ್ಥಳದಲ್ಲಿಯೂ ಈ ಅಂತರ ದೀರ್ಘವಾಗಿತ್ತು. ನೆಲದ ಮೇಲಿನ ಯಾವ ಊರೂ ಅದಕ್ಕೆ ಸಮೀಪವಲ್ಲವೆಂದ ಮೇಲೆ ಅದರ ಮೂಲ ಪಾತಾಳದಲ್ಲಿಯೇ ಇರಬೇಕು! 300 ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಭೂಕಂಪಗಳು ಹುಟ್ಟುತ್ತವೆಂದು 1928ರಲ್ಲಿ ಅವರು ಪ್ರತಿಪಾದಿಸಿದರು. ಈ ಮೂಲಗಳು ಪೆಸಿಫಿಕ್ ಕಡೆಯಿಂದ ಏಷ್ಯಾ ಖಂಡದತ್ತ ಇಳಿಜಾರಾಗಿ ಆಳಕ್ಕೆ ಸಾಗುವುದನ್ನು 1935ರಲ್ಲಿ ತೋರಿಸಿದರು.

ದೂರ ಸಾಗಿದಂತೆ ಅಲೆ ಹೇಗೆ ಕುಗ್ಗುತ್ತದೆಂಬುದನ್ನೂ ಅವರು ಅಳೆದರು. 1931ರಲ್ಲಿ ನೆಲದ ಅಲುಗಾಟವನ್ನು ದೂರದೊಡನೆ ಹೋಲಿಸಿ ನಕ್ಷೆ ಬರೆದರು. ಕ್ಯಾಲಿಫೋರ್ನಿಯಾದ ರಿಕ್ಟರ್ ತಮ್ಮ ಹೆಸರಾಂತ ಮಾಪಕವನ್ನು 1935ರಲ್ಲಿ ರೂಪಿಸಲು ಈ ವಿಧಾನವೇ ಪ್ರೇರಣೆಯಾಯಿತು.

ಹಳೆಯ ಒಗಟು 1966ರಲ್ಲಿ ಬಿಡಿಸಿತು. ಪೆಸಿಫಿಕ್ ಕಡೆಯಿಂದ ಕೆಳಗಿಳಿಯುವ ತಣ್ಣನೆಯ ಗಟ್ಟಿ ಶಿಲಾಫಲಕವು ಅಲೆಯ ಶಕ್ತಿಯನ್ನು ಹೆಚ್ಚು ನಷ್ಟವಿಲ್ಲದೆ ಒಯ್ಯುತ್ತದೆ. ಜಪಾನ್ ಸಮುದ್ರದ ಕೆಳಗಣ ಬಿಸಿಯಾದ, ಮೆದುವಾದ ಶಿಲೆ ಅದನ್ನು ಹೀರಿಕೊಳ್ಳುತ್ತದೆ ಎಂದು ಜಪಾನಿನವರೇ ಆದ ಉತ್ಸು ವಿವರಿಸಿದರು. ವದಾತಿಯವರು ಗುರುತಿಸಿದ ಇಳಿಜಾರೇ ಆ ಫಲಕದ ಹಾದಿಯಾಗಿತ್ತು.

1956ರಲ್ಲಿ ಜಪಾನಿನ ಹವಾಮಾನ ಸಂಸ್ಥೆಯ ಮೊದಲ ಮಹಾನಿರ್ದೇಶಕರಾದ ವದಾತಿ, 1995ರಲ್ಲಿ, ತಮ್ಮ ತೊಂಬತ್ತೆರಡನೆಯ ವಯಸ್ಸಿನಲ್ಲಿ ನಿಧನರಾದರು. ಭೂಗರ್ಭವನ್ನು ಕಣ್ಣಾರೆ ಕಂಡವರಿಲ್ಲ. ಕ್ಷೀಣವಾದ ಅಲೆಯನ್ನೂ ಕಡೆಗಣಿಸದೆ ಅಳೆದುದರಿಂದಲೇ ವದಾತಿಯವರಿಗೆ ಅದರ ಗುಟ್ಟು ತಿಳಿಯಿತು.