ಹೋಮಿ ಭಾಭಾ ಯಾರ ನೆರವೂ ಇಲ್ಲದೆ ರಿಯಾಕ್ಟರ್ ಕಟ್ಟಿದರೇ? ಫಾರ್ವರ್ಡ್‌ಗಳು ಹೇಳದ ಕೆನಡಾ ಕಥೆ

ಯಾವ ದೇಶದ ಮುಂದೆಯೂ ಕೈಚಾಚದೆ ಹೋಮಿ ಭಾಭಾ ಭಾರತಕ್ಕೆ ಅಣುಶಕ್ತಿ ತಂದರು, ಅದನ್ನು ಸಹಿಸದ ಅಮೆರಿಕ ಅವರ ವಿಮಾನವನ್ನೇ ಉರುಳಿಸಿತು. ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ನಿಜವೆಷ್ಟು? ಅವರ ಬದುಕನ್ನೇ ಒಮ್ಮೆ ನೋಡೋಣ.

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬೈಯಲ್ಲಿ. ಓದಿದ್ದು ಕೇಂಬ್ರಿಡ್ಜ್‌ನಲ್ಲಿ. 1939ರಲ್ಲಿ ರಜೆಗೆಂದು ಊರಿಗೆ ಬಂದಾಗ ಮಹಾಯುದ್ಧ ಶುರುವಾಯಿತು, ಮರಳಲಾಗಲಿಲ್ಲ. ಆಗ ಅವರಿಗೆ ಜಾಗ ಕೊಟ್ಟದ್ದು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್. ಸಿ.ವಿ. ರಾಮನ್ ಅಲ್ಲೇ ಇದ್ದರು. ಭಾಭಾ ಅಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಸಿದರು. 1948ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷರಾದರು.

ದೇಶದ ಮೊದಲ ರಿಯಾಕ್ಟರ್ 'ಅಪ್ಸರಾ' 1956ರ ಆಗಸ್ಟ್ 4ರಂದು ಶುರುವಾಯಿತು. ಕಟ್ಟಿದವರು ನಮ್ಮ ಎಂಜಿನಿಯರ್‌ಗಳೇ, ಆದರೆ ಇಂಧನ ಬಂದದ್ದು ಬ್ರಿಟನ್‌ನಿಂದ. ಎರಡನೆಯದು 'ಸೈರಸ್'. ಇದರ ವಿನ್ಯಾಸ ಕೆನಡಾದ್ದು, ಭಾರಜಲ ಅಮೆರಿಕದ್ದು. ಕೆನಡಾದ ಅಣು ವಿಜ್ಞಾನಿ ಬೆನೆಟ್ ಲೂಯಿಸ್ ಕೇಂಬ್ರಿಡ್ಜ್ ದಿನಗಳಿಂದಲೇ ಭಾಭಾ ಅವರಿಗೆ ಪರಿಚಿತರು. 1956ರಲ್ಲಿ ಒಪ್ಪಂದವಾಗಿ, 1960ರಲ್ಲಿ ಟ್ರಾಂಬೆಯಲ್ಲಿ ಸೈರಸ್ ಚಾಲೂ ಆಯಿತು. 1963ರಲ್ಲಿ ತಾರಾಪುರಕ್ಕೆ ಅಮೆರಿಕದ ಜೊತೆ, ರಾಜಸ್ಥಾನದ ಸ್ಥಾವರಕ್ಕೆ ಕೆನಡಾದ ಜೊತೆ ಒಪ್ಪಂದವಾಯಿತು. ಅಂದರೆ ಭಾಭಾ ಕೈಚಾಚಿದ್ದು ನಿಜ. ಆದರೆ ಬರೀ ಯಂತ್ರ ತರಿಸಿ ಸುಮ್ಮನಾಗಲಿಲ್ಲ, ಆ ವಿದ್ಯೆ ನಮ್ಮವರಿಗೆ ಕರಗತವಾಗುವಂತೆ ನೋಡಿಕೊಂಡರು.

ಅದರ ಬೆಲೆ ಗೊತ್ತಾದದ್ದು ಅವರು ತೀರಿಕೊಂಡ ಮೇಲೆ. ಶಾಂತಿಯುತ ಬಳಕೆಗೆಂದು ಕೊಟ್ಟ ಸೈರಸ್‌ನಲ್ಲಿ ತಯಾರಾದ ಪ್ಲುಟೋನಿಯಂ 1974ರ ಪೋಖ್ರಾನ್ ಸ್ಫೋಟಕ್ಕೆ ಬಳಕೆಯಾಯಿತು. ನಂಬಿಕೆ ಮುರಿಯಿತೆಂದು ಕೆನಡಾ ನೆರವು ನಿಲ್ಲಿಸಿತು. ಶಾಂತಿಯುತ ಸ್ಫೋಟ ಎಂಬುದು ಭಾರತದ ವಾದವಾಗಿತ್ತು. ರಾಜಸ್ಥಾನದ ಎರಡನೇ ಘಟಕವನ್ನು ನಮ್ಮವರೇ ಮುಗಿಸಿದರು. ನಮ್ಮ ಕೈಗಾದ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳೂ ಅದೇ ಭಾರಜಲ ರಿಯಾಕ್ಟರ್ ವಂಶದವು. ಎರಡೂ ದೇಶಗಳು ಮತ್ತೆ ನಾಗರಿಕ ಅಣು ಒಪ್ಪಂದಕ್ಕೆ ಸಹಿ ಹಾಕಿದ್ದು 2010ರಲ್ಲಿ.

ಇನ್ನು ವಿಮಾನದ ವಿಚಾರ. 1966ರ ಜನವರಿ 24ರಂದು ಏರ್ ಇಂಡಿಯಾದ 'ಕಾಂಚನಜುಂಗಾ' ಜಿನೀವಾದಲ್ಲಿ ಇಳಿಯುವ ಮುನ್ನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. ಭಾಭಾ ಸೇರಿ 117 ಜನ ಸತ್ತರು. ವಿಮಾನದ ಒಂದು ದಿಕ್ಸೂಚಕ ಉಪಕರಣ ಕೆಟ್ಟಿತ್ತು, ರಾಡಾರ್ ನಿಯಂತ್ರಕರ ಸೂಚನೆ ಸರಿಯಾಗಿ ಅರ್ಥವಾಗದೆ ಪೈಲಟ್ ಪರ್ವತ ದಾಟಿದೆ ಎಂದುಕೊಂಡು ಕೆಳಗಿಳಿಸತೊಡಗಿದರು ಎಂದು ಫ್ರಾನ್ಸ್‌ನ ತನಿಖೆ ಹೇಳಿತು. 1950ರಲ್ಲೂ ಅದೇ ಪರ್ವತಕ್ಕೆ ಏರ್ ಇಂಡಿಯಾದ ಇನ್ನೊಂದು ವಿಮಾನ ಬಡಿದಿತ್ತು. ಸಿಐಎ ಅಧಿಕಾರಿಯೊಬ್ಬರು ತಪ್ಪೊಪ್ಪಿಕೊಂಡರು ಎಂಬ ಮಾತಿಗೆ ಆಧಾರ, ಆ ಅಧಿಕಾರಿ ಸತ್ತ ಮೇಲೆ ಬೇರೊಬ್ಬರು ಬರೆದ ಪುಸ್ತಕವಷ್ಟೇ. ಅದನ್ನು ಸಾಬೀತುಪಡಿಸುವ ದಾಖಲೆ ಹೊರಬಂದಿಲ್ಲ.

ಭಾಭಾ ಅವರ ಹಿರಿಮೆಗೆ ಸುಳ್ಳಿನ ಆಸರೆ ಬೇಕಿಲ್ಲ. ಮುಂದಿನ ಸಲ ಆ ಸಂದೇಶ ಬಂದರೆ, ಅದರ ಬದಲು ಇದನ್ನು ಕಳಿಸಿ.