ದಾಪೋಡಿಯ ಡಾಕ್ಟರ್ ಗಿಬ್ಸನ್

ನಮ್ಮ ವಾಕಡದ ಅಂಚಿನಲ್ಲಿ ಹರಿಯುವ ಮುಳಾ ನದಿಯು ಮುಂದೆ ದಾಪೋಡಿಯಲ್ಲಿ ಪವನಾ ನದಿಯನ್ನು ಕೂಡಿಕೊಳ್ಳುತ್ತದೆ. ಇಂದು ಅಲ್ಲಿ ರೈಲು ನಿಲ್ದಾಣವೂ ಕಿಕ್ಕಿರಿದ ಮನೆಗಳೂ ಇವೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಸ್ಥಳದಲ್ಲಿ ಮುಂಬಯಿ ಸರಕಾರದ ಸಸ್ಯೋದ್ಯಾನವಿದ್ದಿತೆಂಬುದನ್ನು ನಮ್ಮಲ್ಲಿ ಬಲ್ಲವರು ವಿರಳ. ಆ ತೋಟದ ಮೇಲ್ವಿಚಾರಕರಾಗಿದ್ದ ಅಲೆಕ್ಸಾಂಡರ್ ಗಿಬ್ಸನ್ನರ ಚರಿತ್ರೆಯನ್ನು ಇಲ್ಲಿ ಅರಿತುಕೊಳ್ಳೋಣ.

ಗಿಬ್ಸನ್ನರು 1800ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದರು. ಎಡಿನ್‌ಬರೋದಲ್ಲಿ ವೈದ್ಯವಿದ್ಯೆಯನ್ನು ಕಲಿತು ಈಸ್ಟ್ ಇಂಡಿಯಾ ಕಂಪನಿಯ ಶಸ್ತ್ರವೈದ್ಯರಾಗಿ ಭಾರತಕ್ಕೆ ಬಂದರು. ಸಿಡುಬಿಗೆ ದೇವಿ ಹಾಕಿಸುವ ಕೆಲಸವು ಅವರ ಪಾಲಿಗೆ ಬಂದುದರಿಂದ ದಖ್ಖನ್ ಹಾಗೂ ಖಾನದೇಶಗಳ ಹಳ್ಳಿಗಳನ್ನು ಸುತ್ತಬೇಕಾಯಿತು. ರೋಗಿಗಳನ್ನು ನೋಡಲು ಹೋದ ವೈದ್ಯರ ಕಣ್ಣಿಗೆ ನೆಲದ ರೋಗವೂ ಬಿದ್ದುದು ಸಹಜವೇ ಸರಿ. 1838ರಲ್ಲಿ ಅವರು ದಾಪೋಡಿಯ ತೋಟದ ಅಧಿಕಾರವನ್ನು ವಹಿಸಿಕೊಂಡರು.

ಆ ಕಾಲಕ್ಕೆ ಮುಂಬಯಿಯ ಹಡಗುಕಟ್ಟೆಗೆ ಸಾಗುವಾನಿಯ ದಿಮ್ಮಿಗಳು ಎಷ್ಟಿದ್ದರೂ ಸಾಲದಾಗಿದ್ದವು. ಸಹ್ಯಾದ್ರಿಯ ಇಳಿಜಾರುಗಳು ಬೋಳಾಗತೊಡಗಿದ್ದವು. ಮರಗಳಿಲ್ಲದ ಗುಡ್ಡದ ಮೇಲೆ ಮಳೆಯು ನೇರವಾಗಿ ಹೊಡೆದರೆ ಮಣ್ಣು ಕೊಚ್ಚಿಹೋಗುತ್ತದೆ. ಆ ಮಣ್ಣು ಹೊಳೆಗಳಲ್ಲಿ ಹೂಳಾಗಿ ನಿಂತು ದೋಣಿಗಳ ಹಾದಿಯನ್ನು ಮುಚ್ಚುತ್ತದೆ. ನೀರು ಇಂಗದೆ ಓಡಿಹೋಗುವುದರಿಂದ ಬೇಸಿಗೆಯಲ್ಲಿ ಒರತೆಗಳು ಬತ್ತುತ್ತವೆ. ಗಿಬ್ಸನ್ನರು ಕೊಂಕಣದಲ್ಲಿ ಇದನ್ನು ಕಣ್ಣಾರೆ ಕಂಡು 1840ರ ದಶಕದಲ್ಲಿ ಸರಕಾರಕ್ಕೆ ವರದಿಗಳನ್ನು ಬರೆದರು. ಕಾಡು ಹಾಳಾದರೆ ಹವೆಯೂ ಕೆಡುವುದೆಂದು ಎಚ್ಚರಿಸಿದರು. ಮರಗಳನ್ನು ಕಾಯಲು ನಿಯಮಗಳೂ ಆ ನಿಯಮಗಳನ್ನು ನಡೆಸಲು ಅಧಿಕಾರಿಯೂ ಬೇಕೆಂಬುದು ಅವರ ಬೇಡಿಕೆ. 1847ರಲ್ಲಿ ಸರಕಾರವು ಅವರನ್ನೇ ಮುಂಬಯಿ ಪ್ರಾಂತದ ಪ್ರಥಮ ಅರಣ್ಯ ಸಂರಕ್ಷಣಾಧಿಕಾರಿಯನ್ನಾಗಿ ನೇಮಿಸಿತು.

ಸರಕಾರಕ್ಕೆ ಬೇಕಾದುದು ಹಡಗಿನ ಮರ; ಗಿಬ್ಸನ್ನರ ಚಿಂತೆ ನೀರು ಹಾಗೂ ಮಣ್ಣು. ಎರಡು ಉದ್ದೇಶಗಳು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಕೆಲಕಾಲ ಜೊತೆಯಾಗಿ ನಡೆದವು. 1853ರಲ್ಲಿ ಮುಂಬಯಿಯಿಂದ ಠಾಣೆಗೆ ರೈಲು ಓಡಿದ ಮೇಲೆ ಹಳಿಗಳ ಕೆಳಗೆ ಹಾಸುವ ಮರಕ್ಕಾಗಿ ಕಾಡಿನ ಮೇಲೆ ಮತ್ತೊಂದು ಭಾರ ಬಿದ್ದಿತು.

ನಮ್ಮ ಕನ್ನಡ ನಾಡಿನ ಕಾಡುಗಳಿಗೂ ಇಂತಹ ವೈದ್ಯರೊಬ್ಬರು ದೊರೆತಿದ್ದರು. ಮೈಸೂರು ಸೀಮೆಯ ಶಿವಮೊಗ್ಗೆಯಲ್ಲಿ ಸೇವೆ ಸಲ್ಲಿಸಿದ ಹ್ಯೂ ಕ್ಲೆಗಾರ್ನರು 1856ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯಾಧಿಕಾರಿಗಳಾದರು. ಆಗ ಉತ್ತರ ಕನ್ನಡವು ಮದ್ರಾಸಿಗೆ ಸೇರಿತ್ತು. ಮುಂಬಯಿಗೆ ಸೇರಿದುದು 1862ರಲ್ಲಿ. ಘಟ್ಟದ ಜನರು ಕಾಡು ಕಡಿದು, ಒಣಗಿಸಿ, ಸುಟ್ಟು, ಆ ಬೂದಿಯಲ್ಲಿ ರಾಗಿ ಬಿತ್ತಿ ಒಂದೆರಡು ಬೆಳೆ ತೆಗೆದು ಬೇರೆಡೆಗೆ ಹೋಗುತ್ತಿದ್ದರು. ಇದಕ್ಕೆ ಕುಮರಿ ಬೇಸಾಯವೆಂದು ಹೆಸರು. ಅನುಮತಿಯಿಲ್ಲದ ಕುಮರಿಯನ್ನು 1860ರಲ್ಲಿ ಮದ್ರಾಸ್ ಸರಕಾರವು ನಿಷೇಧಿಸಿತು. ಮರ ಉಳಿಯಿತೆಂದು ಸಂತೋಷಪಡುವಾಗ ಆ ಬಡವರ ಅನ್ನಕ್ಕೆ ಕುತ್ತು ಬಂದುದನ್ನು ನಾವು ಮರೆಯಲಾಗದು. ಹಡಗುಕಟ್ಟೆಯ ಕೊಡಲಿಯು ಕುಮರಿಯವನ ಕೊಡಲಿಗಿಂತ ಚಿಕ್ಕದೇನೂ ಆಗಿರಲಿಲ್ಲ. ನಿಷೇಧವು ಮಾತ್ರ ಬಡವನ ಕೊಡಲಿಗೇ ಮೊದಲು ತಗಲಿತು.

ಭಾರತದಲ್ಲಿ ಅರಣ್ಯ ಕಾಯಿದೆಯು 1865ರಲ್ಲಿ ಬಂದಿತು; 1878ರಲ್ಲಿ ಇನ್ನೂ ಬಿಗಿಯಾಯಿತು. ಕಾಡಿನಲ್ಲಿ ಬಾಳುವವರ ಹಕ್ಕನ್ನು ಒಪ್ಪುವ ಕಾಯಿದೆಗೆ 2006ರ ವರೆಗೆ ಕಾಯಬೇಕಾಯಿತು. ಕೆಟ್ಟ ನೆಲ, ಹೊಳೆ, ಕಾಡುಗಳನ್ನು ಮರಳಿ ಸರಿಪಡಿಸುವುದೇ ಸರಕಾರಗಳ ಕರ್ತವ್ಯವೆಂದು ವಿಧಿಸುವ ಕಾಯಿದೆಯನ್ನು ಯುರೋಪಿನ ಒಕ್ಕೂಟವು 2024ರಲ್ಲಿ ಮಾಡಿತು. ಇರುವುದನ್ನು ಕಾಯಬೇಕೆಂದು ಗಿಬ್ಸನ್ನರು ಕೇಳಿದರು. ಕಳೆದುದನ್ನು ಮತ್ತೆ ಬೆಳೆಸಬೇಕೆಂಬ ಮಾತು ಇಂದಿನವರದು.

ಗಿಬ್ಸನ್ನರು 1860ರಲ್ಲಿ ನಿವೃತ್ತರಾದರು. ಮರುವರ್ಷ, ಅವರ ಸ್ಥಾನಕ್ಕೆ ಬಂದ ಡಾಲ್ಜೆಲ್ಲರೊಡನೆ ರಚಿಸಿದ ಮುಂಬಯಿ ಪ್ರಾಂತದ ಸಸ್ಯಗಳ ಗ್ರಂಥವು ಪ್ರಕಟವಾಯಿತು. ದಾಪೋಡಿಯ ತೋಟವನ್ನು 1865ರಲ್ಲಿ ಮುಚ್ಚಲಾಯಿತು. 1867ರಲ್ಲಿ ಗಿಬ್ಸನ್ನರೂ ತೀರಿಕೊಂಡರು. ಅಲ್ಲಿನ ಗಿಡಗಳನ್ನು ನೋಡಿ ಅವರು ಬರೆಯಿಸಿದ ವರ್ಣಚಿತ್ರಗಳು ಮಾತ್ರ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಇಂದಿಗೂ ಭದ್ರವಾಗಿವೆ.