ನೇತ್ರವೈದ್ಯ ಆಲ್ಬ್ರೆಖ್ಟ್ ಫಾನ್ ಗ್ರೇಫೆಯವರ ಚರಿತ್ರೆ

ಮನೆಯ ಹಿರಿಯರ ಕಣ್ಣು ಮಂದವಾದರೆ ವಯಸ್ಸಾಯಿತೆಂದು ಸುಮ್ಮನಾಗುವದು ಹಳ್ಳಿಗಳಲ್ಲಿ ವಾಡಿಕೆ. ಆದರೆ ಮಂದವಾದ ಕಣ್ಣುಗಳೆಲ್ಲಾ ಒಂದೇ ತರದವುಗಳಲ್ಲ. ಪೊರೆ ಬಂದ ಕಣ್ಣಿಗೆ ಶಸ್ತ್ರಕ್ರಿಯೆಯಿಂದ ಸಾಮಾನ್ಯವಾಗಿ ಬೆಳಕು ತಿರಿಗಿ ಬರುವದು. ಗ್ಲಾಕೋಮ ಎಂಬ ರೋಗದಿಂದ ಹೋದ ದೃಷ್ಟಿಯಾದರೋ ತಿರಿಗಿ ಬಾರದು. ಈ ರೋಗಕ್ಕೂ ತಡೆಯುಂಟೆಂದು ಲೋಕಕ್ಕೆ ತೋರಿಸಿಕೊಟ್ಟ ವೈದ್ಯರೊಬ್ಬರ ಚರಿತ್ರೆಯನ್ನು ಇಲ್ಲಿ ಹೇಳುವೆವು.

ಆಲ್ಬ್ರೆಖ್ಟ್ ಫಾನ್ ಗ್ರೇಫೆಯವರು 1828ನೆಯ ಇಸವಿ ಮೇ ತಿಂಗಳ 22ನೆಯ ತಾರೀಖಿನಲ್ಲಿ ಜರ್ಮನಿಯ ಬರ್ಲಿನ್ ಪಟ್ಟಣದಲ್ಲಿ ಹುಟ್ಟಿದರು. ತಂದೆಯವರು ಹೆಸರಾದ ಶಸ್ತ್ರವೈದ್ಯರಾಗಿದ್ದರು. ಮಗನಿಗೆ ಹನ್ನೆರಡು ವರುಷವಾದಾಗ ಅವರು ತೀರಿಹೋದರು. ಗ್ರೇಫೆಯವರು 1847ರಲ್ಲಿ ವೈದ್ಯಪದವಿಯನ್ನು ಹೊಂದಿ, ಪ್ರಾಗ್, ಪ್ಯಾರಿಸ್, ವಿಯೆನ್ನ, ಲಂಡನ್ ಪಟ್ಟಣಗಳಿಗೆ ಹೋಗಿ ನೇತ್ರವೈದ್ಯವನ್ನು ಕಲಿತರು. ಬಳಿಕ ಬರ್ಲಿನಿಗೆ ಹಿಂತಿರುಗಿ ಅಲ್ಲಿ ಕಣ್ಣಿನ ಚಿಕಿತ್ಸಾಲಯವನ್ನು ತೆರೆದರು. ಬಡವರಿಂದ ಹಣವನ್ನು ತೆಗೆದುಕೊಳ್ಳದೆ ಚಿಕಿತ್ಸೆ ಮಾಡುತ್ತಿದ್ದರು.

ಆ ಕಾಲದ ತನಕ ಜೀವವುಳ್ಳ ಮನುಷ್ಯನ ಕಣ್ಣಿನ ಒಳಭಾಗವನ್ನು ವೈದ್ಯರು ಕಾಣಲಾರದೆ ಇದ್ದರು. ಕಣ್ಣೊಳಗೆ ಹೊಕ್ಕ ಬೆಳಕು ಬಂದ ದಾರಿಯಲ್ಲೇ ಹಿಂತಿರುಗುವದರಿಂದ ಕಣ್ಣಿನ ಪಾಪೆಯು ಕಪ್ಪಾಗಿಯೇ ತೋರುವದು. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಎಂಬ ಪಂಡಿತರು ಗಾಜಿನ ಮೂಲಕ ದೀಪದ ಬೆಳಕನ್ನು ಕಣ್ಣೊಳಗೆ ತಿರುಗಿಸಿ, ಅದೇ ದಾರಿಯಲ್ಲಿ ಒಳಗೆ ನೋಡುವ ಉಪಕರಣವನ್ನು ಪ್ರಕಟಿಸಿದರು. ಗ್ರೇಫೆಯವರು ಇದನ್ನು ಕೂಡಲೇ ಕೈಗೊಂಡು, ಕಣ್ಣಿನ ಹಿಂಭಾಗದ ರೋಗಗಳನ್ನು ಒಂದೊಂದಾಗಿ ಗುರುತಿಸತೊಡಗಿದರು.

ಗ್ಲಾಕೋಮ ರೋಗದಲ್ಲಿ ದೃಷ್ಟಿನರದ ತುದಿಯು ಉಬ್ಬಿರುವದೆಂದು ಇವರು ಮೊದಲು ಬರೆದರು. ಅದು ಉಬ್ಬಲ್ಲ, ಬಟ್ಟಲಿನಂಥ ಕುಳಿ ಎಂದು ತಿಳಿದುಬಂದಾಗ ನಾಚಿಕೆಪಡದೆ ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ಕಣ್ಣೊಳಗಿನ ನೀರಿನ ಒತ್ತಡವು ಹೆಚ್ಚಿ ನರವನ್ನು ಅದುಮುವದೇ ಕೇಡಿಗೆ ಕಾರಣವೆಂದು ಕಂಡುಕೊಂಡರು. ಪಾಪೆಯ ಸುತ್ತಲಿನ ಬಣ್ಣದ ಪೊರೆಯಲ್ಲಿ ಒಂದು ತುಂಡನ್ನು ಕತ್ತರಿಸಿ ತೆಗೆದರೆ ಗುಡ್ಡೆಯ ಬಿಗಿಯು ಇಳಿಯುವದನ್ನು ಅವರು ಬೇರೆ ರೋಗಗಳಲ್ಲಿ ನೋಡಿದ್ದರು. ಅದನ್ನೇ ಈ ರೋಗಕ್ಕೂ ಪ್ರಯೋಗಿಸಿ, 1857ರಲ್ಲಿ ಫಲವನ್ನು ಪ್ರಕಟಿಸಿದರು. ಗುಣವಾಗದೆಂದು ಕೈಬಿಟ್ಟಿದ್ದ ಕಣ್ಣುಗಳು ಉಳಿದವು. ಆದರೆ ತಟ್ಟನೆ ನೋವಿನಿಂದ ಬರುವ ರೋಗಕ್ಕೆ ದೊರೆತಷ್ಟು ಫಲವು, ನೋವಿಲ್ಲದೆ ಮೆಲ್ಲನೆ ಬರುವ ರೋಗಕ್ಕೆ ದೊರೆಯಲಿಲ್ಲ. ಇದನ್ನೂ ಅವರು ಮರೆಮಾಡಲಿಲ್ಲ.

ಪೊರೆಯನ್ನು ತೆಗೆಯುವ ಶಸ್ತ್ರಕ್ರಿಯೆಯನ್ನು ಸಹ ಅವರು ಸುಧಾರಿಸಿದರು. ಅದಕ್ಕಾಗಿ ಅವರು ಮಾಡಿಸಿದ ಸಣ್ಣ ಅಲಗಿನ ಚೂರಿಗೆ ಅವರದೇ ಹೆಸರು ಬಂದಿತು. 1854ರಲ್ಲಿ ನೇತ್ರವೈದ್ಯಕ್ಕೆಂದು ಒಂದು ಪತ್ರಿಕೆಯನ್ನು ಸ್ಥಾಪಿಸಿ, ದೇಶದೇಶಗಳಿಂದ ಬಂದ ಶಿಷ್ಯರಿಗೆ ತಮಗೆ ತಿಳಿದದ್ದನ್ನೆಲ್ಲಾ ಕಲಿಸಿದರು.

ಅವರ ಶರೀರವಾದರೋ ಬಲವುಳ್ಳದ್ದಾಗಿರಲಿಲ್ಲ. ಕ್ಷಯರೋಗವು ಅವರನ್ನು ಹಿಡಿಯಿತು; ಆದರೂ ರೋಗಿಗಳನ್ನು ಬಿಡಲಿಲ್ಲ. 1870ನೆಯ ಇಸವಿ ಜುಲೈ 20ರಂದು, ತಮ್ಮ 42ನೆಯ ವಯಸ್ಸಿನಲ್ಲಿ, ಬರ್ಲಿನಿನಲ್ಲಿ ತೀರಿಹೋದರು. 1882ರಲ್ಲಿ ಆ ಪಟ್ಟಣದಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿದರು.

ವಾಚಕರೇ, ಈ ಚರಿತ್ರೆಯಲ್ಲಿ ನಮಗೊಂದು ಬುದ್ಧಿಮಾತುಂಟು. ಗ್ಲಾಕೋಮದ ಒಂದು ವಿಧವು ಕಣ್ಣು ಕೆಂಪಾಗಿ, ತಲೆ ನೊಂದು, ವಾಂತಿಯಾಗಿ, ದೀಪದ ಸುತ್ತಲೂ ಬಣ್ಣದ ಬಳೆಗಳು ತೋರುವಂತೆ ಬರುವದು. ಇದು ಬಂದರೆ ಸೊಪ್ಪಿನ ರಸವನ್ನು ಹಿಂಡುತ್ತಾ ಕಾಲ ಕಳೆಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ವಿಧವು ಕಳ್ಳನಂತೆ ಸದ್ದಿಲ್ಲದೆ ಬಂದು, ಬದಿಯ ನೋಟವನ್ನು ಮೊದಲು ಕದಿಯುವದು. ಆದದರಿಂದ ನಾಲ್ವತ್ತು ದಾಟಿದವರೂ, ತಂದೆತಾಯಿ ಒಡಹುಟ್ಟಿದವರಲ್ಲಿ ಈ ರೋಗವನ್ನು ಕಂಡವರೂ, ನೋವಿಲ್ಲದಿದ್ದರೂ ಕಣ್ಣಿನ ಒತ್ತಡವನ್ನೂ ನರವನ್ನೂ ಪರೀಕ್ಷೆ ಮಾಡಿಸಿಕೊಳ್ಳಲಿ. ಈಗ ಒತ್ತಡವನ್ನು ಇಳಿಸಲು ಹನಿ ಮದ್ದುಗಳುಂಟು. ಗ್ರೇಫೆಯವರು ಚೂರಿಯಿಂದ ಮಾಡಿದ ದಾರಿಯನ್ನು ಲೇಸರ್ ಕಿರಣವು ಕೆಲವು ನಿಮಿಷಗಳಲ್ಲಿ ಮಾಡುವದು. ಆದರೆ ಇವೆಲ್ಲವೂ ಉಳಿದ ದೃಷ್ಟಿಯನ್ನು ಕಾಯುವವೇ ಹೊರತು ಹೋದದ್ದನ್ನು ತರಲಾರವು. ಬೆಳಕು ಇರುವಾಗಲೇ ಹೋಗೋಣ.